ಶೇಕಡಾ ನಲವತ್ತರ ಹೊಸ್ತಿಲು

ಅಂಗವೈಕಲ್ಯದ ತಪಾಸಣೆ ನಡೆಯುವ ದಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ತಾಲ್ಲೂಕು ಆಸ್ಪತ್ರೆಗೆ ಹೋದರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಲಕ್ವ ಹೊಡೆದ ಗಂಡಸೊಬ್ಬ ಗೋಡೆಗೆ ಒರಗಿ ಕುಳಿತಿರುತ್ತಾನೆ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಪಕ್ಕದಲ್ಲಿ ಹೆಂಡತಿ, ಅವಳ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್ ಪುಸ್ತಕ, ಸ್ಕ್ಯಾನಿಂಗ್ ಚೀಟಿ, ಎರಡು ಫೋಟೋ. ಒಳಗಿನಿಂದ ಯಾರಾದರೂ ಹೊರಗೆ ಬಂದರೆ ಕಾದು ಕುಳಿತವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಷ್ಟು ಪರ್ಸೆಂಟ್ ಹಾಕಿದ್ರು?"

ನಲವತ್ತು ಎಂದರೆ ಮುಖ ಅರಳುತ್ತದೆ. ಮೂವತ್ತೆಂಟು ಎಂದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದೇ ಅರ್ಥ. ಎರಡು ಅಂಕಗಳ ಈ ಅಂತರದಲ್ಲಿ ಒಂದು ಮನೆಯ ಮಾಸಾಶನ, ಬಸ್ ಪಾಸು, ಮಕ್ಕಳ ಮುಂದೆ ತಲೆಯೆತ್ತಿ ಕೂರುವ ಧೈರ್ಯ ಎಲ್ಲವೂ ಅಡಗಿದೆ. ಮನುಷ್ಯನ ಕಷ್ಟವನ್ನು ಹೀಗೆ ಶೇಕಡಾ ಲೆಕ್ಕದಲ್ಲಿ ಅಳೆಯುವ ಪದ್ಧತಿ ಎಲ್ಲಿಂದ ಬಂತು? ಅದು ಏನನ್ನು ಅಳೆಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಳತೆಯಿಲ್ಲದ ಕಾಲ

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕಾಳಾಮುಖ ಯತಿಗಳ ಕೋಡಿಯ ಮಠವಿತ್ತು. 1162ರ ಶಾಸನವೊಂದು ಆ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ತರ್ಕಗಳ ಪಾಠ ಅಲ್ಲಿ ನಡೆಯುತ್ತಿತ್ತು. ಅದರ ಜೊತೆಗೆ ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಔಷಧೋಪಚಾರವೂ ಇತ್ತು. ಎಂಟೂವರೆ ಶತಮಾನಗಳ ಹಿಂದಿನ ಆ ಪಟ್ಟಿಯಲ್ಲಿ ದೇಹದ ಕೊರತೆಗೆ ಹೆಸರಿದೆ, ಆದರೆ ಅಳತೆಯಿಲ್ಲ. ಹಸಿದು ಬಂದವನ ಕಾಲು ಎಷ್ಟು ಪಾಲು ಕುಂಟು ಎಂದು ಯಾರೂ ಕೇಳಿದಂತಿಲ್ಲ.

ಇನ್ನೊಂದು ಬಗೆಯ ನೆರವೂ ಇತ್ತು. ನಮ್ಮ ಊರುಗಳ ಮುಂದೆ ನಿಂತಿರುವ ವೀರಗಲ್ಲುಗಳನ್ನು ಎಲ್ಲರೂ ನೋಡಿದ್ದೇವೆ. ಊರಿಗಾಗಿ, ತುರುಗಳಿಗಾಗಿ, ಒಡೆಯನಿಗಾಗಿ ಕಾದಿ ಮಡಿದವರ ನೆನಪಿನ ಕಲ್ಲುಗಳವು. ಹೀಗೆ ಮಡಿದವರ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿ ಕನ್ನಡ ನಾಡಿನಲ್ಲಿ ಬಹುಕಾಲ ನಡೆದುಬಂತು. ಅದನ್ನು ನೆತ್ತರುಗೊಡಗೆ ಎಂದು ಕರೆಯುತ್ತಿದ್ದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಭೂಮಿ ಸೇರುತ್ತಿದ್ದುದು ಮನೆತನಕ್ಕೆ. ನಷ್ಟ ಒಬ್ಬನ ದೇಹಕ್ಕಾದರೂ ಅದರ ಭಾರ ಹೊರುವುದು ಮನೆ ಎಂಬ ತಿಳಿವಳಿಕೆ ಆ ಪದ್ಧತಿಯಲ್ಲೇ ಇತ್ತು.

ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎಂದು ಹೇಳಲಾಗದು. ಮಠದ ಅನ್ನ ದಾನಿಯ ಕರುಣೆ, ಕೊಡಗೆಯ ಭೂಮಿ ಒಡೆಯನ ಮೆಚ್ಚುಗೆ. ಸಿಗದೇ ಹೋದರೆ ಕೇಳಲು ಜಾಗವಿರಲಿಲ್ಲ. ಮೇಲ್ಮನವಿ ಎಂಬುದು ದೂರದ ಮಾತು. ಅಳತೆ ಇಲ್ಲದ ಕಡೆ ಹಕ್ಕೂ ಇರಲಿಲ್ಲ.

ಎಣಿಕೆ ಬಂತು

ಬ್ರಿಟಿಷರ ಆಡಳಿತ ಬಂದ ಮೇಲೆ ಎಣಿಸುವ ಕೆಲಸ ಮೊದಲಾಯಿತು. 1872ರ ಜನಗಣತಿಯಿಂದ 1931ರವರೆಗೆ ಹುಚ್ಚು, ಕಿವುಡು-ಮೂಕತನ, ಕುರುಡು, ಕುಷ್ಠ ಎಂಬ ನಾಲ್ಕು 'ನ್ಯೂನತೆ'ಗಳನ್ನು ಲೆಕ್ಕ ಹಾಕಲಾಗುತ್ತಿತ್ತು. ಮೈಸೂರು ಸಂಸ್ಥಾನದ ವರದಿಗಳಲ್ಲೂ ಈ ಕೋಷ್ಟಕಗಳಿವೆ. ಕೈಕಾಲು ಊನವಾದವರು ಆ ಲೆಕ್ಕದಲ್ಲಿ ಇರಲೇ ಇಲ್ಲ. ಎಣಿಸಿದ್ದರಿಂದ ಎಣಿಸಿಕೊಂಡವರಿಗೆ ಯಾವ ಸೌಲಭ್ಯವೂ ಸಿಗಲಿಲ್ಲ ಎಂಬುದು ಬೇರೆ ಮಾತು. 1941ರಲ್ಲಿ ಈ ಎಣಿಕೆ ನಿಂತಿತು. 1981ರಲ್ಲಿ ಮತ್ತೆ ಬಂದು, 1991ರಲ್ಲಿ ಮಾಯವಾಗಿ, 2001ರಿಂದ ಪುನಃ ಸೇರಿತು. 2011ರ ಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು.

ಎಣಿಕೆ ಎಂದರೆ ತಲೆಯ ಲೆಕ್ಕ. ಒಬ್ಬೊಬ್ಬರ ದೇಹವನ್ನೂ ಶೇಕಡಾವಾರು ಭಾಗ ಮಾಡುವ ಲೆಕ್ಕ ಹುಟ್ಟಿದ್ದು ಮಾತ್ರ ಕಾರ್ಖಾನೆಯಲ್ಲಿ.

ಬೆರಳಿಗಿಷ್ಟು, ಕಣ್ಣಿಗಿಷ್ಟು

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರದ ಅಣೆಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಅಂಥ ಕೆಲಸದಲ್ಲಿ ಕಲ್ಲುರುಳಿ ಕೈ ಹೋದ ಕೂಲಿಯವನಿಗೆ ಇಷ್ಟು ಪರಿಹಾರ ಕೊಡಬೇಕು ಎಂದು ಹೇಳುವ ಕಾರ್ಮಿಕ ಪರಿಹಾರ ಕಾಯ್ದೆ ಆಗಿನ ಭಾರತದಲ್ಲೇ ಇರಲಿಲ್ಲ. ಯೂರೋಪಿನಲ್ಲಿ ಆ ಯೋಚನೆ ಮೊಳೆತಿತ್ತು. ಜರ್ಮನಿಯಲ್ಲಿ ಬಿಸ್ಮಾರ್ಕ್ 1884ರಲ್ಲಿ ಅಪಘಾತ ವಿಮೆಯನ್ನೂ 1889ರಲ್ಲಿ ವೃದ್ಧಾಪ್ಯ ಮತ್ತು ಅಶಕ್ತತೆಯ ವಿಮೆಯನ್ನೂ ಕಾನೂನು ಮಾಡಿಸಿದ. ಇಂಗ್ಲೆಂಡಿನಲ್ಲಿ 1897ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಭಾರತದಲ್ಲಿ ಅಂಥದೊಂದು ಕಾಯ್ದೆ 1923ರಲ್ಲಿ ಅಂಗೀಕಾರವಾಗಿ 1924ರ ಜುಲೈ 1ರಿಂದ ಜಾರಿಗೆ ಬಂತು. 2009ರ ತಿದ್ದುಪಡಿಯ ನಂತರ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾಯಿತು.

ಈ ಕಾಯ್ದೆಯ ಮೊದಲನೆಯ ಅನುಸೂಚಿಯನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಅದರ ಲೆಕ್ಕ ಹೀಗಿತ್ತು: ಒಂದು ಹಸ್ತ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 60 ನಷ್ಟ, ಹೆಬ್ಬೆರಳಿಗೆ 30, ತೋರುಬೆರಳಿಗೆ 14, ಮಧ್ಯದ ಬೆರಳಿಗೆ 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ 7. ಅಂಗಡಿಯ ದರಪಟ್ಟಿಯಂತೆ ಕಂಡರೂ ಇದು ಕಾರ್ಮಿಕರಿಗೆ ಸಿಕ್ಕ ದೊಡ್ಡ ಬಲವೇ ಸರಿ. ಯಜಮಾನನ ಮರ್ಜಿಗೆ ಕಾಯದೆ, ಪಟ್ಟಿ ತೋರಿಸಿ ಕೇಳುವ ಹಕ್ಕು ಬಂತು. 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆಯ ಹತ್ತಿ ಗಿರಣಿಗಳಿಗೆ, ಚಿತ್ರದುರ್ಗದ ಬಳಿಯ ಇಂಗಳಧಾಳಿನ ತಾಮ್ರದ ಗಣಿಗೆ ಇಂಥ ಕಾನೂನಿನ ಅಗತ್ಯ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ಪಟ್ಟಿಗೊಂದು ಮಿತಿ ಹುಟ್ಟಿನಿಂದಲೇ ಇತ್ತು. ಅದು ಯಜಮಾನನಿರುವ ಕೆಲಸಗಾರನಿಗೆ ಮಾತ್ರ. ತನ್ನದೇ ತೋಟದ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡ ಹೊಸದುರ್ಗದ ರೈತನಿಗೆ, ಮನೆಯಲ್ಲಿ ಮಲಗಿದ್ದಾಗಲೇ ಲಕ್ವ ಹೊಡೆದ ಹೊಳಲ್ಕೆರೆಯ ಅಡಿಕೆ ಬೆಳೆಗಾರನಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅಂಥವರ ಪಾಲಿಗೆ ನೆರವು ಬರಬೇಕಾದದ್ದು ಸರ್ಕಾರದಿಂದ.

ಗಿರಣಿಯಿಂದ ಕಚೇರಿಗೆ

ಕರ್ನಾಟಕದಲ್ಲಿ ಅಂಗವಿಕಲರ ಮಾಸಾಶನ 1979ರಲ್ಲಿ ಆರಂಭವಾಯಿತು. 1981ನ್ನು ವಿಶ್ವಸಂಸ್ಥೆ ಅಂಗವಿಕಲರ ಅಂತಾರಾಷ್ಟ್ರೀಯ ವರ್ಷವೆಂದು ಸಾರಿತು. ಸೌಲಭ್ಯ ಕೊಡುವುದು ಎಂದಾದ ಮೇಲೆ ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಸರ್ಕಾರದ ಕೈಗೆ ಸಿದ್ಧವಾಗಿ ಸಿಕ್ಕಿದ್ದು ಶೇಕಡಾ ಲೆಕ್ಕ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿ, ಶೇಕಡಾ 40ಕ್ಕೆ ಕಡಿಮೆಯಿಲ್ಲದವರನ್ನು ಅಂಗವಿಕಲರೆಂದು ಗುರುತಿಸಿತು. ಅಳೆಯುವ ಬಗೆಯನ್ನು ವಿವರಿಸುವ ಮಾರ್ಗಸೂಚಿಗಳು 2001ರಲ್ಲಿ ಬಂದವು. 2016ರ ಹೊಸ ಕಾಯ್ದೆ ಏಳನ್ನು ಇಪ್ಪತ್ತೊಂದಕ್ಕೆ ಏರಿಸಿತು. ಪಾರ್ಕಿನ್‌ಸನ್, ಹಿಮೊಫಿಲಿಯಾ, ಥಲಸ್ಸೇಮಿಯಾ, ಆ್ಯಸಿಡ್ ದಾಳಿಗೆ ಒಳಗಾದವರ ಕಷ್ಟ ಇವೆಲ್ಲ ಪಟ್ಟಿಗೆ ಸೇರಿದವು. ಆದರೆ ನಲವತ್ತರ ಹೊಸ್ತಿಲು ಇದ್ದಲ್ಲೇ ಉಳಿಯಿತು.

ಹೊಸ್ತಿಲು ಒಂದೇ ಅಲ್ಲ. ರಾಜ್ಯದ ಮಾಸಾಶನ 40ರಿಂದ 75ರವರೆಗೆ ಒಂದು ದರ, ಅದರ ಮೇಲೆ ಇನ್ನೊಂದು ದರ. 2021ರ ಜುಲೈನಲ್ಲಿ ಕೆಳಗಿನ ದರವನ್ನು 600ರಿಂದ 800 ರೂಪಾಯಿಗೆ ಏರಿಸಲಾಯಿತು. ಮೇಲಿನದು 1,400 ಇತ್ತು. ಕೇಂದ್ರ ಸರ್ಕಾರ 2009ರಲ್ಲಿ ತಂದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಬಡತನ ರೇಖೆಯ ಕೆಳಗಿರಬೇಕು, ಜೊತೆಗೆ ಶೇಕಡಾ 80 ಇರಬೇಕು. ಅದರಲ್ಲಿ ಕೇಂದ್ರದ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿ ಎಂದು ನಿಗದಿಯಾಯಿತು. ಒಂದೇ ದೇಹ, ಮೂರು ಹೊಸ್ತಿಲು.

ಅಳತೆಗೋಲುಗಳೂ ಒಂದೇ ಅಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣನ್ನೇ ಕಳೆದುಕೊಂಡ ಕಾರ್ಮಿಕನಿಗೆ ಪರಿಹಾರ ಕಾಯ್ದೆಯ ಅನುಸೂಚಿ ಶೇಕಡಾ 40 ಎನ್ನುತ್ತಿತ್ತು. ಅದೇ ಮನುಷ್ಯ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಹೋದರೆ 2018ರ ಮಾರ್ಗಸೂಚಿ 30 ಎನ್ನುತ್ತಿತ್ತು. ಕಣ್ಣು ಒಂದೇ. ಗಿರಣಿಯ ಲೆಕ್ಕದಲ್ಲಿ ಹೊಸ್ತಿಲ ಒಳಗೆ, ಆಸ್ಪತ್ರೆಯ ಲೆಕ್ಕದಲ್ಲಿ ಹೊರಗೆ.

ಬಡಗಿಯ ಕೈ

ಅಂಕಿಯ ಈ ಕುರುಡುತನವನ್ನು ನ್ಯಾಯಾಲಯಗಳು ಗುರುತಿಸಿವೆ. 1975ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಡಗಿಯೊಬ್ಬನ ಪ್ರಕರಣ ಬಂತು. ಕೆಲಸ ಮಾಡುವಾಗ ಬಿದ್ದು ಅವನ ಎಡಗೈ ಕತ್ತರಿಸಬೇಕಾಗಿತ್ತು. ಪಟ್ಟಿಯ ಪ್ರಕಾರ ಅದು ಪೂರ್ತಿ ನಷ್ಟವಲ್ಲ. ಆದರೆ ಒಂದೇ ಕೈಯಲ್ಲಿ ಮರಗೆಲಸ ಮಾಡಲಾಗದು, ಆದ್ದರಿಂದ ಅವನ ನಷ್ಟ ನೂರಕ್ಕೆ ನೂರು ಎಂಬ ತೀರ್ಮಾನವನ್ನು ನ್ಯಾಯಾಲಯ ಎತ್ತಿಹಿಡಿಯಿತು. 2010ರಲ್ಲಿ ರಸ್ತೆ ಅಪಘಾತದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ದೇಹಕ್ಕಾದ ಊನದ ಪ್ರಮಾಣ ಬೇರೆ, ಗಳಿಕೆಗಾದ ನಷ್ಟದ ಪ್ರಮಾಣ ಬೇರೆ. ಎಡಗೈ ಹೋದ ಚಾಲಕನ ಬದುಕೇ ನಿಂತುಹೋಗಬಹುದು, ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು.

ಪರಿಹಾರದ ಮೊಕದ್ದಮೆಗಳಲ್ಲಿ ಈ ವಿವೇಕಕ್ಕೆ ಜಾಗವಿದೆ. ಮಾಸಾಶನದ ಅರ್ಜಿಯಲ್ಲಿ ಇಲ್ಲ. ಅಲ್ಲಿ ಪ್ರಮಾಣಪತ್ರದ ಅಂಕಿಯೇ ಕಡೆಯ ಮಾತು. ಹೆಂಡತಿ ಎಷ್ಟೇ ಹೇಳಲಿ, "ನಮ್ಮ ಯಜಮಾನ್ರಿಗೆ ಅನ್ನ ಕಲಸ್ಕೊಳ್ಳೋಕೂ ಆಗಲ್ಲ ಸಾರ್" ಎಂಬ ಮಾತಿಗೆ ನಮೂನೆಯಲ್ಲಿ ಕಾಲಂ ಇಲ್ಲ. ಡಾಕ್ಟರು ನೋಡುವುದು ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲವಿದೆ ಎಂಬುದನ್ನು. ಅವರ ತಪ್ಪೆಂದು ಹೇಳಲಾಗದು. ಅವರ ಕೈಗೆ ಕೊಟ್ಟಿರುವ ಮಾನದಂಡವೇ ಅಂಥದು.

ಇದಕ್ಕೊಂದು ಅಪವಾದವಿದೆ. ಮಾನಸಿಕ ಕಾಯಿಲೆಯ ಅಳತೆಗೆ ಬಳಸುವ 'ಐಡಿಯಾಸ್' ಎಂಬ ಮಾಪನವನ್ನು ಭಾರತದ ಮನೋವೈದ್ಯರೇ ರೂಪಿಸಿದರು. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ವಿಷಯಗಳನ್ನು ಅದು ನೋಡುತ್ತದೆ. ಜೊತೆಗೆ ಇರುವವರ ಮಾತನ್ನೂ ಕೇಳುತ್ತದೆ. ಸ್ನಾನಕ್ಕೆ ಎಬ್ಬಿಸುವವರು ಯಾರು, ಕೆಲಸ ಬಿಟ್ಟು ಎಷ್ಟು ದಿನವಾಯಿತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮನೆಯವರ ಸಾಕ್ಷ್ಯಕ್ಕೆ ಬೆಲೆಯಿರುವ ಅಪರೂಪದ ಜಾಗ ಇದು.

ಚೀಲ ಹೊತ್ತವರಿಗೆ

ವ್ಯವಸ್ಥೆ ಹೀಗಿರುವಾಗ ಗಂಡನಿಗಾಗಿ ಹೆಂಡತಿ, ಹೆಂಡತಿಗಾಗಿ ಗಂಡ ಅಲೆಯುವುದು ತಪ್ಪುವುದಿಲ್ಲ. ನಿಯಮಗಳು ಏನು ಹೇಳುತ್ತವೆ ಎಂಬುದು ತಿಳಿದಿದ್ದರೆ ಅಲೆದಾಟ ಸ್ವಲ್ಪ ಕಡಿಮೆಯಾದೀತು.

2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಯು.ಡಿ.ಐ.ಡಿ. ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ಅರ್ಜಿ ಹಾಕಬೇಕು. ಕಂಪ್ಯೂಟರು ಗೊತ್ತಿಲ್ಲದವರು ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಪಂಚಾಯಿತಿಯಲ್ಲಿ ವಿಚಾರಿಸಬಹುದು. ಲಕ್ವದಂಥ ನರಸಂಬಂಧಿ ತೊಂದರೆಯ ಅಳತೆಯನ್ನು ಕಾಯಿಲೆ ಬಂದು ಆರು ತಿಂಗಳು ಕಳೆದ ಮೇಲೆ ಮಾಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಅಳೆಯುವುದು ರೋಗವನ್ನಲ್ಲ, ರೋಗ ಉಳಿಸಿಹೋದ ಪರಿಣಾಮವನ್ನು. ಆಸ್ಪತ್ರೆಯಿಂದ ಬಿಡುಗಡೆಯಾದ ವಾರದಲ್ಲೇ ಹೋಗಿ ನಿರಾಶರಾಗಿ ಬರುವವರಿಗೆ ಈ ಮಾತು ಮೊದಲೇ ತಿಳಿದಿರಬೇಕು.

ಎರಡನೆಯದು, ಇರುವ ತೊಂದರೆಗಳನ್ನೆಲ್ಲ ಹೇಳುವುದು. ಕಾಲಿನ ಬಗ್ಗೆ ಹೇಳಲು ಹೋದವರು ಕಣ್ಣಿನ, ಕಿವಿಯ ವಿಷಯ ಬಿಟ್ಟು ಬರುವುದುಂಟು. ಎರಡು ಊನಗಳಿದ್ದರೆ ಅವುಗಳನ್ನು ಕೂಡಿಸುವ ಸೂತ್ರವೊಂದಿದೆ. ಅದು ನೇರ ಕೂಡುವ ಲೆಕ್ಕವಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ಕಣ್ಣಿಗೆ 30, ಕಾಲಿಗೆ 20 ಇದ್ದರೆ ಒಟ್ಟು 50 ಆಗುವುದಿಲ್ಲ. 43ಕ್ಕಿಂತ ತುಸು ಹೆಚ್ಚಾಗುತ್ತದೆ. ಆದರೂ ಬೇರೆಬೇರೆಯಾಗಿ ಹೊಸ್ತಿಲ ಹೊರಗೇ ಉಳಿಯುತ್ತಿದ್ದ ಎರಡು ಊನಗಳು ಸೇರಿ ಹೊಸ್ತಿಲು ದಾಟಿದವು.

ಮೂರನೆಯದು, ಇಲ್ಲವೆಂದರೆ ಕಾರಣ ಕೇಳುವುದು. 2017ರ ನಿಯಮಗಳ ಪ್ರಕಾರ ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಬಾಯಿಮಾತಿನ 'ಆಗಲ್ಲ'ಕ್ಕೆ ಮೇಲ್ಮನವಿ ಇಲ್ಲ; ಕಾಗದದ ಮೇಲಿನ 'ಆಗದು' ಎಂಬುದಕ್ಕೆ ಇದೆ. ಮುಂದೆ ಬದಲಾಗಬಹುದಾದ ತೊಂದರೆಗೆ ಪ್ರಮಾಣಪತ್ರದಲ್ಲಿ ಅವಧಿ ಹಾಕಿರುತ್ತಾರೆ. ಆ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು.

ಪ್ರಮಾಣಪತ್ರ ಕೈಗೆ ಬಂದರೆ ಅರ್ಧ ದಾರಿ ಮುಗಿಯಿತು ಅಷ್ಟೆ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ, ಆದಾಯದ ಪತ್ರ, ಗ್ರಾಮಮಟ್ಟದ ಅಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಪರಿಶೀಲನೆ, ತಹಶೀಲ್ದಾರರ ಮಂಜೂರಾತಿ. ವೈದ್ಯರು ದೇಹವನ್ನು ಅಳೆದರೆ ಕಂದಾಯದವರು ಬಡತನವನ್ನು ಅಳೆಯುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಗುವುದು ಈ ಹಂತದಲ್ಲೇ.

ಅಲೆದಾಟದ ಖರ್ಚೂ ಒಂದು ಕಥೆ. ತಾಲ್ಲೂಕಿನಲ್ಲಿ ತಜ್ಞರಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರು, ಹೊಸದುರ್ಗದಿಂದ ಇನ್ನೂ ದೂರ. ಅಂಗವಿಕಲರಿಗೆ ಸಾರಿಗೆ ನಿಗಮದ ರಿಯಾಯಿತಿ ಪಾಸು ಇದೆ, ಆದರೆ ಪಾಸು ಸಿಗಲು ಪ್ರಮಾಣಪತ್ರ ಬೇಕು; ಪ್ರಮಾಣಪತ್ರ ತರಲು ಬಸ್ಸು ಹತ್ತಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಗಂಡನನ್ನು ಕರೆದೊಯ್ಯುವ ಹೆಂಡತಿಯ ಟಿಕೆಟ್ಟಿನ ಹಣ ಉಳಿಯಿತು. ಅದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸನ್ನೇ ನೆಚ್ಚಿಕೊಂಡ ಹಳ್ಳಿಗಳವರಿಗೆ ಆ ಅನುಕೂಲವೂ ಇಲ್ಲ.

ಲೆಕ್ಕಕ್ಕೆ ಸಿಗದವರು

ಈ ಇಡೀ ಇತಿಹಾಸದಲ್ಲಿ ಚೀಲ ಹೊತ್ತ ಆ ಹೆಂಡತಿ ಎಲ್ಲಿದ್ದಾಳೆ? ಗಿರಣಿಯ ಪಟ್ಟಿ ಅಳೆದದ್ದು ದುಡಿಯುವವನ ಗಳಿಕೆಯನ್ನು. ಅವನನ್ನು ನೋಡಿಕೊಳ್ಳುವವಳು ಕಳೆದುಕೊಂಡ ಕೂಲಿಯನ್ನಲ್ಲ. ಅಲ್ಲಿಂದ ಶೇಕಡಾ ಲೆಕ್ಕವನ್ನು ಎರವಲು ತಂದ ಕಲ್ಯಾಣ ಯೋಜನೆಗಳು ಆ ಮರೆವನ್ನೂ ಜೊತೆಗೇ ತಂದವು. ಗಂಡನಿಗೆ ಲಕ್ವ ಹೊಡೆದ ದಿನ ಒಂದು ಮನೆಯ ಎರಡು ದುಡಿಮೆಗಳು ನಿಲ್ಲುತ್ತವೆ. ಸರ್ಕಾರದ ಲೆಕ್ಕಕ್ಕೆ ಬರುವುದು ಒಂದು ಮಾತ್ರ.

2016ರ ಕಾಯ್ದೆ ಈ ಮರೆವನ್ನು ತಿದ್ದಲು ಮೊದಲ ಹೆಜ್ಜೆ ಇಟ್ಟಿತು. 'ಆರೈಕೆದಾರ' ಎಂಬ ಮಾತಿಗೆ ಅದರಲ್ಲಿ ಅರ್ಥವಿವರಣೆ ಇದೆ. ಹಣ ಪಡೆದೋ ಪಡೆಯದೆಯೋ ನೋಡಿಕೊಳ್ಳುವ ಮನೆಯವರೂ ಅದರಲ್ಲಿ ಸೇರಿದ್ದಾರೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯೆಯ ಪ್ರಸ್ತಾಪವೂ ಇದೆ. ಕರ್ನಾಟಕದ 2024–25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್‌ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನಾಲ್ಕು ಕಾಯಿಲೆಗಳವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರಕಟವಾಯಿತು. ಮೊತ್ತ ಚಿಕ್ಕದಿರಬಹುದು. ಆದರೆ ನೋಡಿಕೊಳ್ಳುವುದೂ ಒಂದು ದುಡಿಮೆ ಎಂಬ ಒಪ್ಪಿಗೆ ಅದರಲ್ಲಿದೆ. ಲಕ್ವ ಆ ನಾಲ್ಕರಲ್ಲಿ ಸೇರಿಲ್ಲ. ಮೂತ್ರಪಿಂಡ ಸೋತವರು, ಹೃದ್ರೋಗಿಗಳು ಇಪ್ಪತ್ತೊಂದರ ಪಟ್ಟಿಗೇ ಸೇರಿಲ್ಲ.

ಅಳತೆ ಬೇಡವೆಂದು ಹೇಳುವುದು ಸುಲಭ. ಅಳತೆಯನ್ನು ತೆಗೆದರೆ ನಾವು ಮರಳುವುದು ದಾನಿಯ ಕರುಣೆಗೆ, ಒಡೆಯನ ಮೆಚ್ಚುಗೆಗೆ. ಬೇಕಾಗಿರುವುದು ಅಳತೆಗೋಲು ಇನ್ನಷ್ಟು ಉದ್ದವಾಗುವುದು. ಅದು ಕೈಯ ಕೀಲಿನಿಂದ ಮನೆಯ ಒಲೆಯವರೆಗೂ ಮುಟ್ಟುವುದು. ನೆತ್ತರುಗೊಡಗೆಯ ಕಾಲದವರಿಗೆ ಶೇಕಡಾ ಲೆಕ್ಕ ಗೊತ್ತಿರಲಿಲ್ಲ. ಆದರೆ ಒಬ್ಬನಿಗೆ ಬಿದ್ದ ಪೆಟ್ಟು ಇಡೀ ಮನೆಗೆ ಬೀಳುತ್ತದೆ ಎಂಬುದು ಗೊತ್ತಿತ್ತು. ಹಕ್ಕನ್ನು ಹೊಸ ಕಾಲದಿಂದಲೂ ಈ ತಿಳಿವಳಿಕೆಯನ್ನು ಹಳೆಯ ಕಾಲದಿಂದಲೂ ತೆಗೆದುಕೊಂಡರೆ, ಆಸ್ಪತ್ರೆಯ ಜಗುಲಿಯಲ್ಲಿ ಕುಳಿತವಳನ್ನು ಮುಂದೊಂದು ದಿನ ಯಾರಾದರೂ "ಎಷ್ಟು ಪರ್ಸೆಂಟ್?" ಎಂದು ಕೇಳುವುದರ ಜೊತೆಗೆ "ನಿನ್ನ ಕೂಲಿ ಎಷ್ಟು ದಿನದ್ದು ಹೋಯಿತಮ್ಮ?" ಎಂದೂ ಕೇಳಿಯಾರು.